ಬೆಳಗಿನ ಜಾವದ ನಡಿಗೆ

ಜನವರಿ ತಿಂಗಳ ಮೂರನೆಯ ಭಾನುವಾರ ನಮ್ಮ ಮುಂಬಯಿಯ ಬೀದಿಗಳಲ್ಲಿ ಸಹಸ್ರಾರು ಜನರು ಓಡುವುದನ್ನು ನೀವೆಲ್ಲರೂ ಕಂಡಿರುವಿರಿ. 2004ರಲ್ಲಿ ಆರಂಭವಾದ ಈ ಮ್ಯಾರಥಾನ್ ಓಟದ ನೆಪದಲ್ಲಿ ಅನೇಕರು ತಮ್ಮ ಬಂಧುಮಿತ್ರರಿಂದ ಹಣ ಸಂಗ್ರಹಿಸಿ ಸೇವಾಸಂಸ್ಥೆಗಳಿಗೆ ಒಪ್ಪಿಸುತ್ತಾರೆ. "ಹಣ ಕೊಡುವವರು ಮನೆಯಲ್ಲಿ ಕುಳಿತೇ ಕೊಡಬಾರದೆ? ಅದಕ್ಕಾಗಿ ಕಾಲು ನೋಯಿಸಿಕೊಳ್ಳುವುದೇಕೆ?" ಎಂದು ನಗುವವರಿದ್ದಾರೆ. ನಾನೂ ಹಾಗೆ ನಕ್ಕವನೇ. ಐರ್ಲೆಂಡ್ ದೇಶದ ಒಂದು ನಡಿಗೆಯ ವೃತ್ತಾಂತವನ್ನು ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು.

ಡಬ್ಲಿನ್ ನಗರದ ಸಮೀಪದಲ್ಲಿ ಜೋನ್ ಫ್ರೀಮನ್ ಎಂಬ ಮನಶ್ಶಾಸ್ತ್ರಜ್ಞೆಯು 2006ರಲ್ಲಿ 'ಪಿಯೆಟಾ ಹೌಸ್' ಎಂಬ ಆಶ್ರಯವನ್ನು ತೆರೆದರು. ಬದುಕೇ ಬೇಡವೆನಿಸಿ ಬಂದವರ ಮಾತನ್ನು ಅಲ್ಲಿ ಶುಲ್ಕವಿಲ್ಲದೆ ಕೇಳುತ್ತಾರೆ, ಧೈರ್ಯ ತುಂಬುತ್ತಾರೆ. ಅದರ ವೆಚ್ಚಕ್ಕಾಗಿ 2009ರಲ್ಲಿ ಫೀನಿಕ್ಸ್ ಪಾರ್ಕಿನಲ್ಲಿ ಸುಮಾರು 400 ಜನರು ಕೂಡಿ ನಡೆದರು. 'ಕತ್ತಲೆಯಿಂದ ಬೆಳಕಿಗೆ' ಎಂಬುದು ಆ ನಡಿಗೆಯ ಹೆಸರು. ನಮ್ಮ ಉಪನಿಷತ್ತಿನ ಪ್ರಾರ್ಥನೆಯೊಂದು ಇಲ್ಲಿ ನೆನಪಾಗದಿರದು. ಬೆಳಗಿನ ಜಾವ 4 ಗಂಟೆ 15 ನಿಮಿಷಕ್ಕೆ ಹೊರಟವರು 5 ಕಿಲೋಮೀಟರು ಕ್ರಮಿಸುವಷ್ಟರಲ್ಲಿ ಮೂಡಲು ಕೆಂಪೇರಿರುತ್ತದೆ. ಈಗ ಆ ನಡಿಗೆ ಹಲವು ದೇಶಗಳಲ್ಲಿ ನಡೆಯುತ್ತಿದೆ. ಅದು ಪಂದ್ಯವಲ್ಲವಾದ್ದರಿಂದ ಮೊದಲು ಮುಟ್ಟಿದವನೆಂಬ ಹೆಗ್ಗಳಿಕೆಯೂ ಅಲ್ಲಿಲ್ಲ. ಮಗನನ್ನೋ ತಂಗಿಯನ್ನೋ ಹೀಗೆ ಕಳೆದುಕೊಂಡು, ನಾಚಿಕೆಯಿಂದ ಬಾಯಿ ಬಿಡದೆ ಇದ್ದವರು, ಪಕ್ಕದಲ್ಲಿ ನಡೆಯುವವರಿಗೂ ಅದೇ ದುಃಖವಿರುವುದನ್ನು ಆ ಕತ್ತಲೆಯಲ್ಲಿ ಅರಿಯುತ್ತಾರೆ.

ನಮ್ಮ ದೇಶದಲ್ಲಿ 2022ನೆಯ ಒಂದೇ ವರ್ಷದಲ್ಲಿ 1,70,924 ಜನರು ಆತ್ಮಹತ್ಯೆಗೆ ಬಲಿಯಾದರೆಂದು ಸರ್ಕಾರದ ಲೆಕ್ಕ ಹೇಳುತ್ತದೆ. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಇಂಥ ವಿಷಯವನ್ನು ಮಕ್ಕಳ ಮುಂದೆ ಎತ್ತಬಾರದು, ಎತ್ತಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುವುದು ಎಂದು ಹಿರಿಯರು ಅಂಜುತ್ತಾರೆ. ಈ ಅಂಜಿಕೆಗೆ ಆಧಾರವಿಲ್ಲವೆಂದೂ, ಮೃದುವಾಗಿ ನೇರವಾಗಿ ಕೇಳುವುದರಿಂದ ನೊಂದವರ ಭಾರ ಇಳಿಯಬಲ್ಲುದೆಂದೂ ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ.

ಕೆಲವು ವರ್ಷಗಳ ಹಿಂದಿನ ಮಾತು. ಪರೀಕ್ಷೆಯ ಫಲಿತಾಂಶ ಬಂದ ದಿನ ಒಬ್ಬ ಹುಡುಗ ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ಸುಮ್ಮನೆ ನಿಂತಿದ್ದ. "ಏನಪ್ಪಾ?" ಎಂದರೆ "ಏನಿಲ್ಲ, ಸರ್" ಎಂದ. ನನಗೆ ಲೋಕಲ್ ಗಾಡಿ ಹಿಡಿಯುವ ಅವಸರ. "ಹಾಗಾದರೆ ಸ್ಟೇಷನ್ನಿನವರೆಗೆ ಬಾ" ಎಂದೆ. ಅರ್ಧ ದಾರಿ ಮೌನ. ಸೇತುವೆಯ ಬಳಿ ಬಂದಾಗ, ನನ್ನ ಮುಖ ನೋಡದೆಯೇ, ಮನೆಗೆ ಹೋಗುವ ಮನಸ್ಸಿಲ್ಲವೆಂದೂ ಇನ್ನು ಎಲ್ಲಿಗೂ ಹೋಗುವ ಮನಸ್ಸಿಲ್ಲವೆಂದೂ ಹೇಳಿಬಿಟ್ಟ. ಕುರ್ಚಿಯಲ್ಲಿ ಎದುರು ಕೂರಿಸಿ ಕೇಳಿದ್ದರೆ ಅವನು ಹೇಳುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ಪಕ್ಕದಲ್ಲಿ ನಡೆಯುವವನಿಗೆ ಕಣ್ಣು ತಪ್ಪಿಸುವ ಕಷ್ಟವಿಲ್ಲ. ಆ ದಿನ ನಾಲ್ಕು ಗಾಡಿಗಳು ತಪ್ಪಿದವು. ಕೊನೆಗೆ ಅವನ ಮನೆಯವರೆಗೂ ಜೊತೆಗೆ ಹೋಗಿ, ತಂದೆತಾಯಿಯರೊಡನೆ ಮಾತನಾಡಿ ಬಂದೆ. ಆಮೇಲೆ ವೈದ್ಯರ ಸಲಹೆಯೂ ದೊರೆಯಿತು. ಅವನೀಗ ಉದ್ಯೋಗಸ್ಥ.

ಆದುದರಿಂದಲೇ, ನಗರದ ಓಟಗಳಲ್ಲಿ ಬಣ್ಣದ ಅಂಗಿಗೂ ಕೊರಳ ಪದಕಕ್ಕೂ ಫೋಟೋಕ್ಕೂ ಸಲ್ಲುವ ಸಡಗರ ನನಗೆ ರುಚಿಸದಿದ್ದರೂ, ಕೂಡಿ ನಡೆಯುವುದನ್ನು ನಾನಿನ್ನು ಹಾಸ್ಯ ಮಾಡಲಾರೆ. ಹಣವೂ ಬೇಕೇಬೇಕು. ಚೆನ್ನೈಯಲ್ಲಿ 1986ರಿಂದ ನಡೆದುಬಂದಿರುವ 'ಸ್ನೇಹಾ'ದಂತಹ ಸಂಸ್ಥೆಗಳಲ್ಲಿ ಸ್ವಯಂಸೇವಕರು ಸಂಬಳವಿಲ್ಲದೆ ಕಿವಿಗೊಡಬಹುದು. ಅವರ ತರಬೇತಿ, ದೂರವಾಣಿ, ಕೊಠಡಿ ಇವು ಪುಕ್ಕಟೆಯಾಗಿ ಬರುವುದಿಲ್ಲವಷ್ಟೆ.

ನಮ್ಮ ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನಕ್ಕೆ ಮುನ್ನ, ಡಿಸೆಂಬರಿನ ಒಂದು ಬೆಳಗಿನ ಜಾವ, ಇಂಥದೊಂದು ನಡಿಗೆ ಏಕೆ ಆಗಬಾರದು? ಶಿವಾಜಿ ಪಾರ್ಕಿನ ಸುತ್ತ ಇಬ್ಬಿಬ್ಬರಾಗಿ ನಡೆಯೋಣ. ಜೊತೆಗಾರರು ಬೇರೆ ತರಗತಿಯವರಾಗಿರಲಿ. ಪಾಲಕರೂ ಬರಲಿ. ಯಾರು ಎಷ್ಟು ಕೊಟ್ಟರೆಂಬುದನ್ನು ಫಲಕದಲ್ಲಿ ಬರೆಯುವುದು ಬೇಡ. ಒಟ್ಟು ಮೊತ್ತವನ್ನು ಮಾತ್ರ ಬರೆದು, ಇಂಥ ಕೆಲಸ ಮಾಡುವ ಸಂಸ್ಥೆಯೊಂದಕ್ಕೆ ಕಳುಹಿಸೋಣ.

ಡಿಸೆಂಬರಿಗೆ ಇನ್ನೂ ಕಾಲವಿದೆ. ಅಲ್ಲಿಯವರೆಗೆ ಕಾಯಲಾರದಷ್ಟು ಮನಸ್ಸು ಭಾರವಾದವರು ಸಂಜೆ ನನ್ನೊಡನೆ ಸ್ಟೇಷನ್ನಿನವರೆಗೆ ಬನ್ನಿರಿ. ಹೊತ್ತು ಮೀರಿದ್ದರೆ ಮನೆಯಲ್ಲಿ ಹಿರಿಯರನ್ನು ಎಬ್ಬಿಸಿರಿ. ಇಲ್ಲವೆ 14416 ಎಂಬ ಸಂಖ್ಯೆಗೆ ಫೋನು ಮಾಡಿರಿ. 2022ರ ಅಕ್ಟೋಬರಿನಲ್ಲಿ ಸರ್ಕಾರ ತೆರೆದ 'ಟೆಲಿ-ಮಾನಸ್' ಸೇವೆ ಅದು. ಹಗಲಿರುಳೂ ಉಂಟು, ಹಣ ಕೊಡಬೇಕಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.