ಪುಟ ಸಿಗಲಿಲ್ಲ ಎಂಬ ಸುಳ್ಳು

ಮೊಬೈಲಿನಲ್ಲಿ ಯಾವುದೋ ಲಿಂಕ್ ಒತ್ತಿದಾಗ ಒಮ್ಮೊಮ್ಮೆ 404 ಎಂಬ ಸಂಖ್ಯೆ ಮೂಡುತ್ತದೆ. ನೀವು ಕೇಳಿದ ಪುಟ ಇಲ್ಲಿಲ್ಲ ಎಂದು ಅದರರ್ಥ. ವಿಳಾಸದಲ್ಲಿ ಅಕ್ಷರ ತಪ್ಪಿರಬಹುದು, ಪುಟವನ್ನು ಯಾರೋ ಅಳಿಸಿರಬಹುದು. ನಾವು ತಲೆಕೆಡಿಸಿಕೊಳ್ಳದೆ ಮುಂದೆ ಹೋಗುತ್ತೇವೆ. ಪುಟ ಇದೆ, ನಿಮಗೆ ಪ್ರವೇಶವಿಲ್ಲ ಎನ್ನುವುದಕ್ಕೆ ಬೇರೆಯದೇ ಸಂಖ್ಯೆಯಿದೆ: 403.

ಉತ್ತರ ಆಫ್ರಿಕಾದ ಟುನೀಷಿಯಾವನ್ನು ಬೆನ್ ಅಲಿ ಆಳುತ್ತಿದ್ದಾಗ, ಸರ್ಕಾರ ತಡೆದಿದ್ದ ಪುಟಗಳನ್ನು ತೆರೆಯಹೋದವರಿಗೆ ಕಾಣಿಸುತ್ತಿದ್ದದ್ದು 403 ಅಲ್ಲ, 404. ಬ್ರೌಸರ್ ತಾನಾಗಿ ತೋರಿಸುವ ದೋಷಸೂಚನೆಯಂತೆಯೇ ಕಾಣುವ ಪುಟವೊಂದನ್ನು ಸಿದ್ಧಪಡಿಸಿ ಇಟ್ಟಿದ್ದರು. ತಡೆದವರ ಹೆಸರಿಲ್ಲ, ಕಾರಣವಿಲ್ಲ, ತಡೆದಿದ್ದೇವೆ ಎಂಬ ಮಾತೂ ಇಲ್ಲ. ಇಂಥ ತಡೆಯ ವಿರುದ್ಧ ನ್ಯಾಯಾಲಯಕ್ಕೆ ಹೋಗುವುದು ಹೇಗೆ? ದೂರು ಕೊಡಬೇಕಾದರೆ ಮೊದಲು ತಡೆ ಇದೆ ಎಂದು ತೋರಿಸಬೇಕು. ಅಭಿವ್ಯಕ್ತಿ ಸ್ವಾತಂತ್ರ್ಯದ ಚರ್ಚೆಯಲ್ಲಿ ಏನನ್ನು ತಡೆಯಬಹುದು, ಏನನ್ನು ತಡೆಯಬಾರದು ಎಂಬ ಪ್ರಶ್ನೆಯೇ ಹೆಚ್ಚು ಜಾಗ ತಿನ್ನುತ್ತದೆ. ತಡೆದದ್ದನ್ನು ತಡೆದವರು ಒಪ್ಪಿಕೊಳ್ಳುತ್ತಾರೆಯೇ ಎಂಬುದು ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಎಂದು ನನಗನ್ನಿಸುತ್ತದೆ. ಟುನೀಷಿಯಾದ ಕಥೆ ಇದನ್ನು ಅರ್ಥಮಾಡಿಕೊಳ್ಳಲು ಒಳ್ಳೆಯ ಪಾಠ.

ಅಲ್ಲಿನ ತಡೆಯ ಯಂತ್ರ ಸರಳವಾಗಿತ್ತು. ಸೇವೆ ಕೊಡುವ ಕಂಪನಿಗಳು ಹಲವಿದ್ದರೂ ದೇಶದೊಳಗೆ ಬರುವ ಇಂಟರ್ನೆಟ್ ಸಂಚಾರವೆಲ್ಲ 1996ರಲ್ಲಿ ಹುಟ್ಟಿದ ಎಟಿಐ ಎಂಬ ಸಂಸ್ಥೆಯ ಮೂಲಕ ಹಾಯಬೇಕಿತ್ತು. ಆ ಒಂದೇ ಬಾಗಿಲಲ್ಲಿ ಸೋಸುವ ಸಾಫ್ಟ್‌ವೇರ್ ಕೂರಿಸಿದರೆ ಸಾಕು. ಆ ಸಾಫ್ಟ್‌ವೇರ್ ಅಮೆರಿಕದ ಕಂಪನಿಯದು. ಶಾಲೆ, ಕಚೇರಿಗಳಲ್ಲಿ ಬೇಡದ ಜಾಲತಾಣಗಳನ್ನು ತಡೆಯಲೆಂದು ಮಾರುತ್ತಿದ್ದ ಸರಕನ್ನೇ ಇಡೀ ದೇಶಕ್ಕೆ ಹಾಕಿದ್ದರು.

ಯಂತ್ರಕ್ಕೆ ಸಿಗದವರಿಗೆ ಜೈಲಿತ್ತು. ಝುಹೈರ್ ಯಾಹ್ಯಾವಿ ಎಂಬಾತ ‘ಟ್ಯೂನ್‌ಝೀನ್’ ಎಂಬ ವಿಡಂಬನೆಯ ತಾಣ ನಡೆಸುತ್ತಿದ್ದ. ಟುನೀಷಿಯಾ ಗಣರಾಜ್ಯವೋ, ರಾಜನ ಆಳ್ವಿಕೆಯೋ, ಮೃಗಾಲಯವೋ, ಜೈಲೋ ಎಂದು ಓದುಗರ ಮತ ಕೇಳಿದ್ದ. ನ್ಯಾಯಾಂಗದ ಸ್ವಾತಂತ್ರ್ಯಕ್ಕಾಗಿ ಅಧ್ಯಕ್ಷರಿಗೆ ಬಹಿರಂಗ ಪತ್ರ ಬರೆದ ನ್ಯಾಯಾಧೀಶರೊಬ್ಬರು ಅವನ ಸೋದರಸಂಬಂಧದ ಹಿರಿಯರು. ಆ ಪತ್ರವನ್ನೂ ಪ್ರಕಟಿಸಿದ್ದ. 2002ರ ಜೂನ್‌ನಲ್ಲಿ ಸೈಬರ್ ಕೆಫೆಯೊಂದರಲ್ಲಿ ಅವನನ್ನು ಹಿಡಿದರು. ಆರೋಪಗಳಲ್ಲಿ ಒಂದು, ಸುಳ್ಳು ಸುದ್ದಿ ಹರಡಿದ್ದು. ಇನ್ನೊಂದು, ಕೆಲಸಕ್ಕಿದ್ದ ಕಡೆಯ ಇಂಟರ್ನೆಟ್ ಸಂಪರ್ಕವನ್ನು ಕದ್ದು ಬಳಸಿದ್ದು! ಬರೆದದ್ದಕ್ಕೆ ಶಿಕ್ಷೆ ಎಂದು ನೇರವಾಗಿ ಹೇಳುವುದನ್ನು ತಪ್ಪಿಸಿಕೊಳ್ಳುವ ಜಾಣತನ ಇಲ್ಲೂ ಅದೇ. 2003ರ ನವೆಂಬರ್‌ನಲ್ಲಿ ಬಿಡುಗಡೆಯಾದ; 2005ರ ಮಾರ್ಚ್ 13ರಂದು ಹೃದಯಾಘಾತದಿಂದ ತೀರಿಕೊಂಡ. ಅದೇ ವರ್ಷದ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾಹಿತಿ ಸಮಾಜ ಶೃಂಗಸಭೆ ನಡೆದದ್ದು ಅದೇ ಟುನೀಷಿಯಾದ ರಾಜಧಾನಿಯಲ್ಲಿ.

ಸುಳ್ಳು ಪುಟದ ಗುಟ್ಟು ಜನರಿಗೆ ತಿಳಿಯದೇ ಇರಲಿಲ್ಲ. ಕಾಣದ ಆ ಸೆನ್ಸಾರ್ ಅಧಿಕಾರಿಗೆ ‘ಅಮ್ಮಾರ್ 404’ ಎಂದು ಹೆಸರಿಟ್ಟು ಗೇಲಿ ಮಾಡುತ್ತಿದ್ದರು. 2010ರ ಮೇ 22ರಂದು ಅವನ ವಿರುದ್ಧ ರಾಜಧಾನಿಯಲ್ಲಿ ಪ್ರತಿಭಟನೆ ಎಂದು ಕರೆ ಹೋಯಿತು. ಕರೆ ಕೊಟ್ಟ ಸ್ಲಿಮ್ ಅಮಾಮು ಮತ್ತು ಅವರ ಜೊತೆಗಾರನನ್ನು ಹಿಂದಿನ ದಿನವೇ ಪೊಲೀಸರು ಕರೆದೊಯ್ದು, ಪ್ರತಿಭಟನೆ ರದ್ದು ಎಂದು ಅವರ ಬಾಯಿಂದಲೇ ಹೇಳಿಸಿದರು. ಆದರೂ ಒಂದಷ್ಟು ಜನ ಬಿಳಿ ಅಂಗಿ ತೊಟ್ಟು ಮುಖ್ಯ ಬೀದಿಯ ಕೆಫೆಗಳಲ್ಲಿ ಕಾಫಿ ಕುಡಿಯುತ್ತ ಕುಳಿತರು. ಬಿಳಿ ಅಂಗಿ ಹಾಕಿಕೊಂಡದ್ದಕ್ಕೆ ಯಾವ ಕಲಮಿನಡಿ ಕೇಸು ಹಾಕುವುದು?

ಅದೇ ವರ್ಷದ ಡಿಸೆಂಬರ್ 17ರಂದು ಸಿದಿ ಬುಝಿದ್ ಪಟ್ಟಣದಲ್ಲಿ ತಳ್ಳುಗಾಡಿಯ ವ್ಯಾಪಾರಿ ಮೊಹಮದ್ ಬುಅಝೀಝಿ ಮೈಗೆ ಬೆಂಕಿ ಹಚ್ಚಿಕೊಂಡರು. ಅಲ್ಲಿಂದ ದೇಶವಿಡೀ ಹಬ್ಬಿದ ಪ್ರತಿಭಟನೆ ಬಹಳ ಮಂದಿಗೆ ಗೊತ್ತಿರುವ ಇತಿಹಾಸ. ಅದನ್ನು ‘ಫೇಸ್‌ಬುಕ್ ಕ್ರಾಂತಿ’ ಎಂದು ಕರೆಯುವವರಿದ್ದಾರೆ; ಬೀದಿಗಿಳಿದ ಕಾರ್ಮಿಕ ಸಂಘಗಳಿಗೂ ಗುಂಡೇಟು ತಿಂದವರಿಗೂ ಅದು ಅನ್ಯಾಯ. ಆದರೆ ಯೂಟ್ಯೂಬ್ 2007ರಿಂದ ತಡೆಗೊಳಗಾಗಿದ್ದ ದೇಶದಲ್ಲಿ ವಿಡಿಯೊಗಳು ಹರಿದಾಡಿದ್ದು ಫೇಸ್‌ಬುಕ್‌ನಲ್ಲೇ ಎಂಬುದು ನಿಜ. ಅದನ್ನು 2008ರಲ್ಲಿ ಕೆಲ ದಿನ ಮುಚ್ಚಿ ನೋಡಿದ ಸರ್ಕಾರ, ಗದ್ದಲವೆದ್ದಾಗ ಮತ್ತೆ ತೆರೆದಿತ್ತು. ಮದುವೆಯ ಫೋಟೊ ಹಾಕುವವರೂ ಫುಟ್‌ಬಾಲ್ ಚರ್ಚಿಸುವವರೂ ಅಲ್ಲೇ ಇದ್ದುದರಿಂದ, ಅಲ್ಲಿ 404 ಎಂಬ ನೆಪ ನಡೆಯುವಂತಿರಲಿಲ್ಲ.

ಹಾಗಾಗಿ ಬೇರೆ ದಾರಿ ಹಿಡಿದರು. ಆ ಕಾಲದಲ್ಲಿ ಫೇಸ್‌ಬುಕ್‌ನ ಲಾಗಿನ್ ಪುಟ ಸಾಮಾನ್ಯವಾಗಿ ಗೂಢಲಿಪಿಯಿಲ್ಲದೆ ಬರುತ್ತಿತ್ತು. ಪೋಸ್ಟ್‌ಕಾರ್ಡಿನ ಹಾಗೆ, ದಾರಿಯಲ್ಲಿ ಯಾರ ಕೈಗೆ ಸಿಕ್ಕರೂ ಓದಬಹುದು, ಒಂದು ಸಾಲು ಸೇರಿಸಲೂಬಹುದು. ಟುನೀಷಿಯಾದಲ್ಲಿ ಆ ಪುಟ ಬಳಕೆದಾರರನ್ನು ತಲುಪುವ ಮುನ್ನ ಕೆಲವು ಸಾಲು ಕೋಡ್ ಸೇರಿಕೊಳ್ಳುತ್ತಿತ್ತು; ಟೈಪ್ ಮಾಡಿದ ಪಾಸ್‌ವರ್ಡ್ ಅದರ ಮೂಲಕ ಸೋರಿಹೋಗುತ್ತಿತ್ತು. ಪ್ರತಿಭಟನೆಯ ಪುಟಗಳು ಒಂದೊಂದಾಗಿ ಅಳಿಸಿಹೋದವು. ನೋಡುವವರಿಗೆ ಅದನ್ನು ಬರೆದವರೇ ಅಳಿಸಿದಂತೆ ಕಾಣಬೇಕು, ಅಷ್ಟೇ. 2011ರ ಜನವರಿಯಲ್ಲಿ ಕಂಪನಿ ಎಚ್ಚೆತ್ತು, ಟುನೀಷಿಯಾದ ಸಂಪರ್ಕಗಳನ್ನೆಲ್ಲ ಗೂಢಲಿಪಿಗೆ ಬದಲಿಸಿತು. ಖಾತೆ ಮರಳಿ ಪಡೆಯಲು ಫೋಟೊ ನೋಡಿ ಗೆಳೆಯರನ್ನು ಗುರುತಿಸಬೇಕೆಂದಿತು. ಇಂದು ಬ್ರೌಸರಿನ ವಿಳಾಸದಲ್ಲಿ ‘ಎಚ್‌ಟಿಟಿಪಿಎಸ್’ ಎಂದು ಕಾಣುವ ಕೊನೆಯ ಆ ‘ಎಸ್’ ಅಕ್ಷರ ಸೂಚಿಸುವುದು ಇದೇ ರಕ್ಷಣೆಯನ್ನು.

ಜನವರಿ 13ರ ರಾತ್ರಿ ಬೆನ್ ಅಲಿ ಸೆನ್ಸಾರ್ ತೆಗೆಯುವ ಭರವಸೆ ಕೊಟ್ಟರು. ಮರುದಿನ ದೇಶ ಬಿಟ್ಟು ಓಡಿದರು. ಜನವರಿ 6ರಂದು ಬಂಧಿತರಾಗಿದ್ದ ಅಮಾಮು, ಬೆನ್ ಅಲಿ ಓಡಿಹೋದ ಮುಂದಿನ ವಾರ ಹೊಸ ಸರ್ಕಾರದಲ್ಲಿ ಯುವಜನ ಮತ್ತು ಕ್ರೀಡಾ ಖಾತೆಯ ಹೊಣೆ ಹೊತ್ತರು. ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು.

ನಂತರದ ವರ್ಷಗಳ ಒಂದು ಬೆಳವಣಿಗೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಅಶ್ಲೀಲ ತಾಣಗಳನ್ನು ತಡೆಯಿರಿ ಎಂದು ನ್ಯಾಯಾಲಯ ಹೇಳಿದಾಗ ಎಟಿಐನ ಹೊಸ ಮುಖ್ಯಸ್ಥ ಮೊಯೆಝ್ ಚಕ್‌ಶೂಕ್ ಅದನ್ನು ಪಾಲಿಸಿ ಸುಮ್ಮನಾಗಲಿಲ್ಲ, ಮೇಲ್ಮನವಿ ಹಾಕಿದರು. 2012ರ ಫೆಬ್ರುವರಿಯಲ್ಲಿ ಅತ್ಯುನ್ನತ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿತು. ಸೆನ್ಸಾರ್ ಸಂಸ್ಥೆಯೇ ಸೆನ್ಸಾರ್ ವಿರುದ್ಧ ವಾದಿಸಿದ್ದು ಸಾಧ್ಯವಾದದ್ದು, ಆದೇಶ ಎಲ್ಲರ ಕಣ್ಣಮುಂದೆ ಲಿಖಿತವಾಗಿ ಇದ್ದುದರಿಂದ. 2014ರ ಸಂವಿಧಾನ ಅಭಿವ್ಯಕ್ತಿಯ ಹಕ್ಕನ್ನೂ ಇಂಟರ್ನೆಟ್ ಹಕ್ಕನ್ನೂ ಬರೆದುಕೊಟ್ಟಿತು.

ಅದು ಬಹಳ ಕಾಲ ಬಾಳಲಿಲ್ಲ. 2021ರಲ್ಲಿ ಸಂಸತ್ತನ್ನು ಅಮಾನತಿನಲ್ಲಿಟ್ಟ ಅಧ್ಯಕ್ಷ ಕೈಸ್ ಸಯೀದ್ 2022ರ ಸೆಪ್ಟೆಂಬರ್‌ನಲ್ಲಿ 54ನೇ ಸುಗ್ರೀವಾಜ್ಞೆ ಹೊರಡಿಸಿದರು. ಆನ್‌ಲೈನ್‌ನಲ್ಲಿ ಸುಳ್ಳು ಸುದ್ದಿ ಹರಡಿದರೆ 5 ವರ್ಷದವರೆಗೆ ಜೈಲು. ಗುರಿಯಾದವರು ಸರ್ಕಾರಿ ಅಧಿಕಾರಿಯಾಗಿದ್ದರೆ ಶಿಕ್ಷೆ ಇಮ್ಮಡಿ. ಟಿವಿ ಚರ್ಚೆಯಲ್ಲಿ ದೇಶದ ಸ್ಥಿತಿಯ ಬಗ್ಗೆ ವ್ಯಂಗ್ಯವಾಡಿದ ವಕೀಲೆ ಸೋನಿಯಾ ದಹ್ಮಾನಿ ಅವರನ್ನು 2024ರ ಮೇ ತಿಂಗಳಲ್ಲಿ ವಕೀಲರ ಸಂಘದ ಕಟ್ಟಡದೊಳಗಿಂದಲೇ ಬಂಧಿಸಿದರು. ಈಗ ಪುಟಗಳು ಸಲೀಸಾಗಿ ತೆರೆದುಕೊಳ್ಳುತ್ತವೆ. ಬರೆಯುವವರ ಕೈಯೇ ಹಿಂಜರಿಯುತ್ತದೆ. ಸೋಸುವ ಯಂತ್ರ ಇದಕ್ಕೆ ಬೇಕಿಲ್ಲ, ಖರ್ಚೂ ಕಡಿಮೆ.

ನಮ್ಮಲ್ಲಿ ಜಾಲತಾಣದ ಪುಟ ತಡೆಯುವ ಅಧಿಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಿಂದ ಬರುತ್ತದೆ. 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿದಾಗ ಹೇಳಿದ್ದು, ಕಾರಣಗಳು ಲಿಖಿತವಾಗಿರಬೇಕು, ಬರೆದವರು ಯಾರೆಂದು ಗೊತ್ತಾದರೆ ಅವರ ಮಾತನ್ನೂ ಕೇಳಬೇಕು ಎಂದು. ಆದರೆ ಈ ಕಲಮಿನಡಿ ರೂಪಿಸಿದ 2009ರ ನಿಯಮಗಳಲ್ಲಿ 16ನೆಯದು ಇಡೀ ವ್ಯವಹಾರವನ್ನು ಕಟ್ಟುನಿಟ್ಟಾಗಿ ಗೋಪ್ಯವಾಗಿಡಲು ಹೇಳುತ್ತದೆ. ಕಾರಣ ಬರೆದಿಟ್ಟರೂ ಪುಟದ ಲೇಖಕರ ಕೈಗೆ ಅದು ಸಿಗದಿದ್ದರೆ ಮೇಲ್ಮನವಿ ಯಾವ ಆಧಾರದ ಮೇಲೆ? ಖಾತೆದಾರರಿಗೆ ನೋಟಿಸ್ ಇಲ್ಲದೆ ತಡೆಯುವುದು ಸರಿಯಲ್ಲ ಎಂದು ಟ್ವಿಟರ್ ಕಂಪನಿ ಬೆಂಗಳೂರಿನಲ್ಲಿ ಕರ್ನಾಟಕ ಹೈಕೋರ್ಟ್ ಮುಂದೆ ವಾದಿಸಿತ್ತು. 2023ರ ಜೂನ್ 30ರಂದು ಅರ್ಜಿ ವಜಾ ಆಯಿತು, ಕಂಪನಿಗೆ 50 ಲಕ್ಷ ರೂಪಾಯಿ ದಂಡವೂ ಬಿತ್ತು. ಕಂಪನಿಗಳಿಗೆ ಅವರದೇ ಹಿತಾಸಕ್ತಿ ಇರುತ್ತದೆ, ಅವರ ವಾದವನ್ನೆಲ್ಲ ಒಪ್ಪಬೇಕಿಲ್ಲ. ನೋಟಿಸಿನ ಪ್ರಶ್ನೆ ಮಾತ್ರ ಕಂಪನಿಯದಲ್ಲ, ಬರೆಯುವವರದು, ಓದುವವರದು.

ಇಂಟರ್ನೆಟ್‌ನ ಮಾನದಂಡ ರೂಪಿಸುವ ತಂತ್ರಜ್ಞರು, ತಡೆಯನ್ನು ತಡೆ ಎಂದೇ ಹೇಳಲೆಂದು 2016ರಲ್ಲಿ ಹೊಸ ಸಂಖ್ಯೆಯೊಂದನ್ನು ಪ್ರಕಟಿಸಿದರು: 451. ಈ ಪುಟವನ್ನು ಕಾನೂನಿನ ಆದೇಶದಿಂದ ತಡೆಯಲಾಗಿದೆ ಎಂದು ಅದು ಹೇಳುತ್ತದೆ. ತಡೆಯುತ್ತಿರುವವರು ಯಾರು ಎಂದು ಸೂಚಿಸಲೂ ಅದರಲ್ಲಿ ಜಾಗವಿದೆ. ಅದನ್ನು ಬಳಸಲೇಬೇಕೆಂದು ಯಾವ ಸರ್ಕಾರವನ್ನೂ ಆ ಮಾನದಂಡ ಕಟ್ಟಿಹಾಕಲಾರದು.