ಹಿಂಬಾಗಿಲಿನ ಪ್ರಾಮಾಣಿಕತೆ



ವ್ಯಾಪಾರದಲ್ಲಿ ಪ್ರಾಮಾಣಿಕತೆ ಬೇಕು ಎಂದು ನಮ್ಮ ಸಭೆಗಳಲ್ಲಿ ಹೇಳದವರಿಲ್ಲ. ವೇದಿಕೆಯಲ್ಲಿದ್ದವರು ಹೇಳುತ್ತಾರೆ, ಕೆಳಗಿದ್ದವರು ಚಪ್ಪಾಳೆ ತಟ್ಟುತ್ತೇವೆ, ಊಟ ಮಾಡಿ ಮನೆಗೆ ಹೋಗುತ್ತೇವೆ. ನಾನೂ ಚಪ್ಪಾಳೆ ತಟ್ಟಿದವನೇ. ಆದರೆ ಗಿರಾಕಿಯ ಎದುರಿಗೆ ಸರಿಯಾಗಿ ನಡೆದುಕೊಳ್ಳುವುದು ದೊಡ್ಡ ಸಂಗತಿಯಲ್ಲ ಎಂದು ನನಗೆ ತಡವಾಗಿ ಅರ್ಥವಾಯಿತು. ಹಳಸಿದ್ದನ್ನು ಬಡಿಸಿದರೆ ಅವನು ಮತ್ತೆ ಬರುವುದಿಲ್ಲ, ಆದ್ದರಿಂದ ನಾವು ಬಡಿಸುವುದಿಲ್ಲ. ಅದು ವ್ಯಾಪಾರದ ಬುದ್ಧಿ. ಗಿರಾಕಿ ಎಂದೂ ನೋಡದ ಹಿಂಬಾಗಿಲಿನಲ್ಲಿ ನಾವೇನು ಮಾಡುತ್ತೇವೆ ಎಂಬುದೇ ನಮ್ಮ ನೀತಿ. ಕರಿದು ಉಳಿದ ಎಣ್ಣೆ ನನಗೆ ಈ ಪಾಠ ಕಲಿಸಿತು.

ಬಾಂದ್ರಾದಲ್ಲಿ ಹೋಟೆಲಿನ ಜೊತೆಗೆ ಮದುವೆ, ಮುಂಜಿ, ಆರತಕ್ಷತೆಗಳ ಆರ್ಡರನ್ನೂ ಹಿಡಿಯುತ್ತೇನೆ. ಒಮ್ಮೆ ಸಮಾರಂಭದಲ್ಲಿ ಕರಿದ ಎಣ್ಣೆಯನ್ನು ಮರುದಿನ ನಮ್ಮ ಗಿರಾಕಿಗೆ ಬಳಸಬಾರದು ಎಂಬುದು ನನ್ನ ನಿಯಮ. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಉಳಿದ ಎಣ್ಣೆಯನ್ನು ಡಬ್ಬಗಳಲ್ಲಿ ತುಂಬಿ ಹಿಂದಿನ ಓಣಿಯಲ್ಲಿ ಇಡುತ್ತಿದ್ದರು. ಒಬ್ಬ ಮನುಷ್ಯ ಸೈಕಲಿನಲ್ಲಿ ಬಂದು ನಗದು ಕೊಟ್ಟು ಒಯ್ಯುತ್ತಿದ್ದ. ಆ ಹಣ ಅಡುಗೆಮನೆಯ ಹುಡುಗರ ಪಾಲು. ಬಹಳ ವರ್ಷಗಳಿಂದ ನಡೆದುಬಂದ ಪದ್ಧತಿ. ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಕೇಳದೆ ಇರುವುದೇ ನನಗೆ ಅನುಕೂಲವಾಗಿತ್ತು.

2019ರ ಮಳೆಗಾಲದ ಒಂದು ಸಂಜೆ ಬಾಂದ್ರಾ ಪೂರ್ವದಲ್ಲಿ ನಿಲ್ದಾಣದ ಹೊರಗೆ ನಡೆದು ಹೋಗುತ್ತಿದ್ದೆ. ಒಂದು ಭಜಿ ಗಾಡಿಯ ಕೆಳಗೆ ಡಬ್ಬ ಕಂಡಿತು. ಅದರ ಮೇಲೆ ನಮ್ಮ ಉಗ್ರಾಣದವನು ಕೆಂಪು ಬಣ್ಣದಲ್ಲಿ ಹಾಕುವ ಗುರುತು. ಮೇಲೆ ಬಾಣಲೆಯಲ್ಲಿ ಎಣ್ಣೆ ಕಾಫಿ ಡಿಕಾಕ್ಷನ್ನಿನ ಹಾಗೆ ಕಪ್ಪಾಗಿ ನೊರೆ ಏಳುತ್ತಿತ್ತು. ಶಾಲೆಯ ಚೀಲ ಹಾಕಿಕೊಂಡ ಮಕ್ಕಳು ನಿಂತಿದ್ದರು. ಅವರ ಪಕ್ಕದಲ್ಲಿ ನಮ್ಮ ಅಡುಗೆಮನೆಯದೇ ಇಬ್ಬರು ಹುಡುಗರು. ನನ್ನನ್ನು ಕಂಡು, “ಅಣ್ಣಾ, ಬನ್ನಿ, ಬಿಸಿ ಭಜಿ ಇದೆ” ಎಂದರು. ನಾನು ತಿನ್ನಲಿಲ್ಲ. ಏಕೆ ತಿನ್ನುವುದಿಲ್ಲ ಎಂದು ಅವರಿಗೆ ಹೇಳುವ ಧೈರ್ಯವೂ ಆಗಲಿಲ್ಲ.

ಗಾಡಿಯವನನ್ನು ನಾನು ದೂರುವುದಿಲ್ಲ. ಅವನು ಅಗ್ಗಕ್ಕೆ ಸಿಕ್ಕಿದ್ದನ್ನು ಕೊಂಡ. ಮಾರಿದವನು ನಾನು. ಬಾಂದ್ರಾದಲ್ಲಿ ಹಳಿಯ ಪಶ್ಚಿಮಕ್ಕೆ ಪಾಲಿ ಹಿಲ್, ಪೂರ್ವಕ್ಕೆ ಬೆಹರಾಮ್‌ಪಾಡಾ. ಪಶ್ಚಿಮದವರಿಗೆ ಹೊಸ ಎಣ್ಣೆಯಲ್ಲಿ ಕರಿದು, ಅದೇ ಎಣ್ಣೆಯನ್ನು ಹಳಿ ದಾಟಿಸಿ ಬಡವರ ಹೊಟ್ಟೆಗೆ ಕಳುಹಿಸುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತಾಯಿತು ನನ್ನ ಪ್ರಾಮಾಣಿಕತೆ.

ಕಾನೂನು ಗೊತ್ತಿರಲಿಲ್ಲ ಎಂದು ಹೇಳಲಾರೆ. ಎಣ್ಣೆಯನ್ನು ಪದೇ ಪದೇ ಕಾಯಿಸಿದರೆ ಅದು ಒಡೆದು ಟೋಟಲ್ ಪೋಲಾರ್ ಕಾಂಪೌಂಡ್ಸ್ ಎಂಬ ಅಂಶ ಹೆಚ್ಚುತ್ತದೆ. ಈ ಅಂಶ ಶೇ. 25 ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದು ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅದೇ ವರ್ಷ ಆಗಸ್ಟ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಇಂಥ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡಿಸುವ ‘ರುಕೋ’ ಯೋಜನೆ ಆರಂಭಿಸಿತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಕರಿಯಲು ಬಳಸುವವರು 2019ರ ಮಾರ್ಚ್ 1ರಿಂದ ಅದರ ಲೆಕ್ಕ ಇಡಬೇಕು, ಉಳಿದದ್ದನ್ನು ಅಧಿಕೃತ ಸಂಗ್ರಹಕಾರರಿಗೇ ಕೊಡಬೇಕು. ನಮ್ಮಲ್ಲಿ ದಿನಾ ಅಷ್ಟು ಖರ್ಚಾಗುವುದಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಕಾನೂನಿನ ಲೀಟರಿಗೂ ಮನಸ್ಸಾಕ್ಷಿಯ ಲೀಟರಿಗೂ ವ್ಯತ್ಯಾಸವಿದೆ.

ಮರುವಾರ ಸೈಕಲಿನವನಿಗೆ ಎಣ್ಣೆ ಕೊಡುವುದನ್ನು ನಿಲ್ಲಿಸಿ ಅಧಿಕೃತ ಸಂಗ್ರಹಕಾರರಿಗೆ ಕೊಡತೊಡಗಿದೆ. ಅವರು ಕೊಟ್ಟ ದರ ಕಡಿಮೆ. ಅಡುಗೆಮನೆಯಲ್ಲಿ ಗೊಣಗಾಟ ಶುರುವಾಯಿತು. “ಅಣ್ಣಾ, ನಮ್ಮ ಎಣ್ಣೆ ದುಡ್ಡು?” ಎಂದು ಒಬ್ಬ ಕೇಳಿಯೇಬಿಟ್ಟ. ಕೇಳಿದ್ದು ನ್ಯಾಯ. ನಾನು ಪ್ರಾಮಾಣಿಕನಾಗಲು ಆ ಹುಡುಗ ಏಕೆ ದಂಡ ತೆರಬೇಕು? ಲೆಕ್ಕ ಹಾಕಿ, ಅವರಿಗೆ ಸಿಗುತ್ತಿದ್ದಷ್ಟನ್ನು ಸಂಬಳಕ್ಕೆ ಸೇರಿಸಿದೆ. ನೀತಿಯ ಖರ್ಚನ್ನು ಧಣಿಯೇ ಭರಿಸಬೇಕು. ಕೆಲಸಗಾರನ ಜೇಬಿನಿಂದ ಕಟ್ಟಿಸಿದರೆ ಅದು ಇನ್ನೊಂದು ಅನ್ಯಾಯ.

“ಇದೆಲ್ಲ ಸರಿ, ಪಕ್ಕದವನು ಪ್ಲೇಟಿಗೆ ಐವತ್ತು ರೂಪಾಯಿ ಕಡಿಮೆ ಹೇಳಿದರೆ ಏನು ಮಾಡುತ್ತೀರಿ?” ಎಂದು ಬಾಂಧವರು ಕೇಳಬಹುದು. ನನಗೂ ಹಾಗೆ ಆರ್ಡರ್ ತಪ್ಪಿದೆ. ಅವು ತಿರುಗಿ ಬಂದವು ಎಂದು ಕಥೆ ಕಟ್ಟುವುದಿಲ್ಲ, ಕೆಲವು ಬರಲೇ ಇಲ್ಲ. ಕಡಿಮೆ ದರಕ್ಕೆ ಒಪ್ಪಿಕೊಂಡವನು ನಷ್ಟವನ್ನು ಎಲ್ಲೋ ತುಂಬಿಕೊಳ್ಳಲೇಬೇಕು. ಹಾಲಿನ ಪನೀರಿನ ಬದಲು ವನಸ್ಪತಿ ಎಣ್ಣೆಯಿಂದ ಮಾಡಿದ್ದನ್ನು ಪನೀರ್ ಎಂದು ಬಡಿಸುತ್ತಾನೆ, ಇಲ್ಲವೇ ಉಂಡ ಪ್ಲೇಟಿನ ಲೆಕ್ಕದಲ್ಲಿ ಹತ್ತಿಪ್ಪತ್ತು ಹೆಚ್ಚು ಬರೆಯುತ್ತಾನೆ. ಮಗಳ ಮದುವೆಯ ಗಡಿಬಿಡಿಯಲ್ಲಿರುವ ತಂದೆ ಪ್ಲೇಟು ಎಣಿಸುತ್ತಾ ನಿಲ್ಲುವುದಿಲ್ಲ. ಅವನು ನಮ್ಮನ್ನು ನಂಬಿರುತ್ತಾನೆ. ಅಲ್ಲಿಯೂ ನೋಡುವ ಕಣ್ಣಿಲ್ಲ.

ಈ ನಂಬಿಕೆ ನಾವು ಸಂಪಾದಿಸಿದ್ದಲ್ಲ. ಮಾಟುಂಗಾದಲ್ಲಿ 1942ರಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದರು. ಅವರಂಥ ಅನೇಕ ಹಿರಿಯರು ಊರು ಬಿಟ್ಟು ಬಂದು ಒಲೆಯ ಮುಂದೆ ಬೆವರು ಸುರಿಸಿದ್ದರಿಂದ, ಕನ್ನಡ ಒಂದಕ್ಷರ ಬಾರದ ಮುಂಬಯಿಗನೂ ‘ಉಡುಪಿ’ ಎಂಬ ಬೋರ್ಡು ನೋಡಿ ನಿಶ್ಚಿಂತೆಯಿಂದ ಒಳಗೆ ಬರುತ್ತಾನೆ. ಈ ಹೆಸರಿಗೆ ನಾವು ಯಾರೂ ಪಗಡಿ ಕೊಟ್ಟಿಲ್ಲ. ಒಬ್ಬ ಕೆಡಿಸಿದರೂ ಎಲ್ಲರಿಗೂ ಕೆಡುತ್ತದೆ.

ಸಂಘಕ್ಕೆ ನನ್ನದೊಂದು ವಿನಂತಿ. ಒಬ್ಬೊಬ್ಬರ ಎರಡು ಮೂರು ಡಬ್ಬಕ್ಕೆ ಸಂಗ್ರಹಕಾರರ ಗಾಡಿ ಬರುವುದು ಕಷ್ಟ. ಬಾಂದ್ರಾ, ಖಾರ್, ಸಾಂತಾಕ್ರೂಜ್ ಹೀಗೆ ವಿಭಾಗವಾರು ಸದಸ್ಯರನ್ನು ಸೇರಿಸಿ ವಾರಕ್ಕೊಂದು ದಿನ ಗೊತ್ತು ಮಾಡಿದರೆ ಸಣ್ಣವರಿಗೂ ಅನುಕೂಲವಾದೀತು, ದರವೂ ಒಟ್ಟಾಗಿ ಮಾತಾಡಬಹುದು.

ಅಲ್ಲಿಯವರೆಗೆ ಒಂದು ಕೆಲಸ ಇಂದೇ ಮಾಡಬಹುದು. ರಾತ್ರಿ ಗಲ್ಲಾ ಮುಚ್ಚುವ ಮೊದಲು ಹಿಂಬಾಗಿಲಿಗೆ ಹೋಗಿ, ಅಲ್ಲಿಟ್ಟ ಡಬ್ಬ ನಾಳೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ನಾನು ಆ ಪ್ರಶ್ನೆ ಕೇಳಲು ಬಹಳ ವರ್ಷ ತೆಗೆದುಕೊಂಡೆ.