ಚೌಕದಿಂದ ಗುಡ್ಡಕ್ಕೆ: ಎಂಜಿನಿಯರಿಂಗ್ ಕಾಲೇಜುಗಳಿಗೂ ಮಲೆನಾಡಿನ ಪಂಚಾಯಿತಿಗಳಿಗೂ ಒಂದು ಮನವಿ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಸುತ್ತಮುತ್ತ ಗುಡ್ಡಗಳು ಜಾರಿದಾಗ ರಸ್ತೆ, ಕರೆಂಟು, ಫೋನು ಮೂರೂ ಕೈಕೊಟ್ಟವು. ಮೂರೂ ಜೊತೆಯಲ್ಲೇ ಹೋದದ್ದು ಆಕಸ್ಮಿಕವಲ್ಲ. ಮೊಬೈಲ್ ಟವರಿಗೆ ಕರೆಂಟು ಬೇಕು. ಅದು ಹೋದರೆ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ. ಆಮೇಲೆ ಡೀಸೆಲ್ ಬೇಕು, ಡೀಸೆಲ್ ಬರಲು ರಸ್ತೆ ಬೇಕು. ಎಷ್ಟೋ ಕಡೆ ಟವರಿನಿಂದ ಹೊರಡುವ ಫೈಬರ್ ಕೇಬಲ್ ಕೂಡ ಅದೇ ರಸ್ತೆಬದಿಯ ಮಣ್ಣಿನಲ್ಲಿ ಹೂತಿರುತ್ತದೆ. 2017ರಲ್ಲಿ ಮರಿಯಾ ಚಂಡಮಾರುತ ಬಡಿದಾಗ ಪೋರ್ಟೊ ರಿಕೊ ದ್ವೀಪದ ಶೇ 95ರಷ್ಟು ಮೊಬೈಲ್ ಟವರುಗಳು ಮೂಕವಾದದ್ದೂ ಹೀಗೆಯೇ. ಇಷ್ಟಾದರೂ ಜನರ ಜೇಬಿನಲ್ಲಿರುವ ಫೋನು ಸತ್ತಿರುವುದಿಲ್ಲ. ಅದರೊಳಗಿನ ವೈಫೈ, ಬ್ಲೂಟೂತ್ ರೇಡಿಯೊಗಳು ಜೀವಂತವಾಗಿರುತ್ತವೆ. ಆದರೂ ಪಕ್ಕದ ತೋಟದವರಿಗೆ ಒಂದು ಮಾತು ಮುಟ್ಟಿಸಲು ಅವು ಬಿದ್ದುಹೋದ ಟವರಿನ ದಾರಿಯನ್ನೇ ಕಾಯುತ್ತವೆ.

ಟವರಿನ ಹಂಗಿಲ್ಲದೆ ಒಂದು ಸಾಧನ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಸಂದೇಶ ದಾಟಿಸುವ ವ್ಯವಸ್ಥೆಗೆ ಆಡ್ ಹಾಕ್ ನೆಟ್‌ವರ್ಕ್ ಎಂದು ಹೆಸರು. ವಿದ್ಯೆ ಹೊಸದೇನಲ್ಲ. 1970ರ ದಶಕದಲ್ಲಿ ಅಮೆರಿಕದ ಸೇನಾ ಸಂಶೋಧನೆಯಲ್ಲಿ ಹುಟ್ಟಿತು. ದಾರಿ ಹುಡುಕುವ ಎಒಡಿವಿ ಎಂಬ ಪ್ರಸಿದ್ಧ ವಿಧಾನ 1999ರಲ್ಲಿ ಬಂತು. ಐಐಟಿ ಮದ್ರಾಸ್‌ನ ಶಿವರಾಮ ಮೂರ್ತಿ ಮತ್ತು ಮನೋಜ್ ಬರೆದ 2004ರ ಪಠ್ಯಪುಸ್ತಕವನ್ನು ನಮ್ಮ ಕಾಲೇಜುಗಳಲ್ಲೂ ಓದಿಸಿದ್ದಾರೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದು ಅಚ್ಚುಮೆಚ್ಚಿನ ವಿಷಯ. ಆ ಪ್ರಾಜೆಕ್ಟುಗಳನ್ನು ಮಾಡುವವರು, ಮಾಡಿಸುವವರು ಮತ್ತು ಅವುಗಳ ಅಗತ್ಯ ನಿಜವಾಗಿ ಇರುವ ಮಲೆನಾಡಿನ ಪಂಚಾಯಿತಿಯವರು ಒಂದೇ ಮೇಜಿನ ಮುಂದೆ ಕೂರಬೇಕು ಎಂಬುದೇ ನನ್ನ ಮನವಿ.

ಏಕೆಂದರೆ ಈ ಕ್ಷೇತ್ರಕ್ಕೆ ಹಳೆಯದೊಂದು ರೋಗವಿದೆ. ಸಂಶೋಧನೆ ಕಂಪ್ಯೂಟರಿನೊಳಗಿನ ಒಂದು ಚೌಕದಲ್ಲೇ ನಡೆದು ಅಲ್ಲೇ ಮುಗಿಯುತ್ತದೆ. ಉದ್ದ ಸಾವಿರ ಮೀಟರ್, ಅಗಲ ಸಾವಿರ ಮೀಟರ್, ಅದರಲ್ಲಿ ಐವತ್ತು ಚುಕ್ಕೆಗಳು ಮನಸ್ಸಿಗೆ ಬಂದ ಕಡೆ ಅಲೆಯುತ್ತವೆ. ಪ್ರತಿ ಚುಕ್ಕೆಯ ರೇಡಿಯೊ ಅಚ್ಚುಕಟ್ಟಾದ ವೃತ್ತದಲ್ಲಿ ಹರಡುತ್ತದೆ. ಡಾರ್ಟ್‌ಮತ್ ಕಾಲೇಜಿನ ಡೇವಿಡ್ ಕೋಟ್ಜ್ ಮತ್ತು ಸಂಗಡಿಗರು ಸುಮಾರು 2004ರಲ್ಲೇ ಇಂಥ ನಂಬಿಕೆಗಳನ್ನು ಒಂದೊಂದಾಗಿ ಬಯಲಿನಲ್ಲಿ ಅಳೆದು ನೋಡಿದರು. ಭೂಮಿ ಚಪ್ಪಟೆ, ರೇಡಿಯೊ ವ್ಯಾಪ್ತಿ ದುಂಡಗೆ, ನನಗೆ ನೀನು ಕೇಳಿಸಿದರೆ ನಿನಗೂ ನಾನು ಕೇಳಿಸುತ್ತೇನೆ ಎಂಬ ಊಹೆಗಳು ವಾಸ್ತವದ ಮುಂದೆ ನಿಲ್ಲಲಿಲ್ಲ. ಮರುವರ್ಷ ಬಂದ ಇನ್ನೊಂದು ಪರಿಶೀಲನೆ, ಈ ಕ್ಷೇತ್ರದ ಮುಖ್ಯ ಸಮ್ಮೇಳನವಾದ ಮೊಬಿಹಾಕ್‌ನ 151 ಪ್ರಬಂಧಗಳನ್ನು ಜಾಲಾಡಿತು. 114 ಪ್ರಬಂಧಗಳು ಸಿಮ್ಯುಲೇಷನ್ ಬಳಸಿದ್ದವು; ಬೇರೆಯವರು ಮತ್ತೆ ಮಾಡಿ ನೋಡಲು ಸಾಧ್ಯವಿದ್ದವು ಶೇ 15ಕ್ಕಿಂತ ಕಡಿಮೆ. ಜಗತ್ತಿನ ಮುಂಚೂಣಿ ಸಮ್ಮೇಳನದ ಕಥೆಯೇ ಇದಾದರೆ ನಮ್ಮ ಪ್ರಾಜೆಕ್ಟ್ ವರದಿಗಳ ಸುದ್ದಿ ಎತ್ತದಿರುವುದೇ ಮರ್ಯಾದೆ. ಕೊಡಗಿನಲ್ಲಿ ಸಾವಿರ ಮೀಟರಿನ ಸಮತಟ್ಟು ಚೌಕ ಸಿಕ್ಕರೆ ಅದು ಗದ್ದೆಯೇ ಇರಬೇಕು. ಉಳಿದದ್ದೆಲ್ಲ ಏರು, ಕಣಿವೆ, ಸಿಲ್ವರ್ ಓಕ್, ಮೆಣಸಿನ ಬಳ್ಳಿ, ಮತ್ತು ರೇಡಿಯೊ ಅಲೆಯನ್ನು ಕುಡಿದುಬಿಡುವ ಒದ್ದೆ ಎಲೆ.

ಹೊಸ ಸಂಶೋಧನೆಯ ದಿಕ್ಕುಗಳು ಹಲವು: ಡ್ರೋನ್‌ಗಳ ಜಾಲ, ವಾಹನಗಳ ಜಾಲ, ಸೆನ್ಸರ್ ಜಾಲ. ಇವುಗಳ ನಡುವೆ ನಮ್ಮ ನೆಲಕ್ಕೆ ಹೆಚ್ಚು ಒಗ್ಗುವುದು ವಿಳಂಬವನ್ನು ಸಹಿಸುವ ಜಾಲ ಎಂಬುದು ನನ್ನ ಎಣಿಕೆ. ಕಳಿಸುವವರಿಂದ ತಲುಪುವವರ ತನಕ ಒಂದೇ ಗಳಿಗೆಯಲ್ಲಿ ಪೂರ್ತಿ ದಾರಿ ತೆರೆದಿರಬೇಕು ಎಂಬ ಹಟವನ್ನು ಇದು ಬಿಟ್ಟುಕೊಡುತ್ತದೆ. ಸಂದೇಶವನ್ನು ಹೊತ್ತುಕೊಂಡು ಕಾಯುತ್ತದೆ, ಮುಂದಿನವರು ಸಿಕ್ಕಾಗ ದಾಟಿಸುತ್ತದೆ. ಅಂಚೆಯಣ್ಣ ಮಾಡುತ್ತಿದ್ದದ್ದೂ ಇದನ್ನೇ. ಇದರ ಜಗತ್ಪ್ರಸಿದ್ಧ ಉದಾಹರಣೆಗಳಲ್ಲೊಂದು ಕರ್ನಾಟಕದ್ದೇ ಎಂಬುದನ್ನು ನಾವು ಮರೆತಿದ್ದೇವೆ. ಎರಡು ದಶಕಗಳ ಹಿಂದೆ, ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ಸರ್ಕಾರಿ ಬಸ್ಸಿಗೆ ವೈಫೈ ಪೆಟ್ಟಿಗೆ ಕಟ್ಟಿ 'ಡಾಕ್‌ನೆಟ್' ಎಂಬ ಪ್ರಯೋಗ ನಡೆಯಿತು. ಹಳ್ಳಿಯ ಕಿಯೋಸ್ಕಿನಲ್ಲಿ ಬರೆಸಿದ 'ಭೂಮಿ' ಯೋಜನೆಯ ಅರ್ಜಿಯನ್ನು ಬಸ್ಸು ಹಾದುಹೋಗುವಾಗ ಎತ್ತಿಕೊಂಡು ತಾಲ್ಲೂಕು ಕೇಂದ್ರಕ್ಕೆ ಮುಟ್ಟಿಸುತ್ತಿತ್ತು, ಉತ್ತರವನ್ನು ಹೊತ್ತು ಮರಳುತ್ತಿತ್ತು. 2004ರಲ್ಲಿ ಪ್ರಕಟವಾದ ಅದರ ವರದಿಯನ್ನು ವಿದೇಶದ ವಿದ್ಯಾರ್ಥಿಗಳು ಓದುತ್ತಾರೆ. ನಮ್ಮವರು ಮಾತ್ರ ಚುಕ್ಕೆಗಳನ್ನು ಅಲೆಸುತ್ತಿದ್ದಾರೆ.

ಆಕ್ಷೇಪಗಳಿವೆ, ಹಗುರವಾದವಲ್ಲ. ಮೊದಲನೆಯದು ಗಣಿತದ್ದು. ಪಿ. ಆರ್. ಕುಮಾರ್ ಮತ್ತು ಪಿಯೂಷ್ ಗುಪ್ತ 2000ದಲ್ಲಿ ತೋರಿಸಿದಂತೆ, ಇಂಥ ಜಾಲದಲ್ಲಿ ಸಾಧನಗಳು ನಾಲ್ಕು ಪಟ್ಟಾದರೆ ಒಬ್ಬೊಬ್ಬರ ಪಾಲಿನ ವೇಗ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ನಿಜ, ಇದರಲ್ಲಿ ವಿಡಿಯೊ ನೋಡಲಾಗದು. ಆದರೆ 'ಐದು ಜನ ಇದ್ದೇವೆ, ಒಬ್ಬರಿಗೆ ಇನ್ಸುಲಿನ್ ಬೇಕು' ಎಂಬುದಕ್ಕೆ ವೇಗ ಬೇಡ. ದೂರ ಸಾಗುವ, ಕಡಿಮೆ ವಿದ್ಯುತ್ತಿನ ಲೋರಾ ರೇಡಿಯೊದ ಒಂದು ಪ್ಯಾಕೆಟ್ಟಿಗೆ 255 ಬೈಟ್ ಮಿತಿ. ಇಲ್ಲೇ ಕನ್ನಡದವರೇ ಬಿಡಿಸಬೇಕಾದ ಒಗಟೊಂದಿದೆ: ಯೂನಿಕೋಡ್‌ನ ಬಳಕೆಯ ರೂಪದಲ್ಲಿ 'ಗುಡ್ಡ' ಎಂಬ ಎರಡಕ್ಷರ 15 ಬೈಟ್ ನುಂಗುತ್ತದೆ, ಇಂಗ್ಲಿಷಿನ 'ಹಿಲ್' ನಾಲ್ಕರಲ್ಲಿ ಮುಗಿಯುತ್ತದೆ. ಆಪತ್ತಿನ ಕನ್ನಡವನ್ನು ಚಿಕ್ಕದಾಗಿ ಮಡಚುವ ಕೆಲಸವನ್ನು ಹೊರಗಿನವರು ಯಾರೂ ನಮಗೆ ಮಾಡಿಕೊಡುವುದಿಲ್ಲ.

ಉಪಗ್ರಹ ಇದೆಯಲ್ಲ ಎಂಬುದು ಎರಡನೆಯದು. ಉಪಗ್ರಹಕ್ಕೆ ತೆರೆದ ಆಕಾಶ ಬೇಕು. ಆಗಸ್ಟ್ ತಿಂಗಳಲ್ಲಿ, ಮರಗಳ ಕೆಳಗೆ, ಮನೆಯೊಳಗೆ ಅದು ಸುಲಭವಲ್ಲ. ಊರಿಗೊಂದು ಉಪಗ್ರಹ ಸಂಪರ್ಕ ಇಟ್ಟರೂ ಮನೆಮನೆಯ ಮಾತು ಅಲ್ಲಿಗೆ ಸೇರುವುದು ಹೇಗೆ? ಅಲ್ಲಿಗೇ ಈ ಜಾಲ ಬೇಕಾಗುವುದು. ಮೂರನೆಯದು ದುರ್ಬಳಕೆಯ ಭಯ. 2023ರಲ್ಲಿ ಕೇಂದ್ರ ಸರ್ಕಾರ ಭಯೋತ್ಪಾದಕರ ಬಳಕೆಯ ಕಾರಣ ಕೊಟ್ಟು ನಿರ್ಬಂಧಿಸಿದ 14 ಆ್ಯಪ್‌ಗಳಲ್ಲಿ ಟವರಿಲ್ಲದೆಯೂ ಕೆಲಸ ಮಾಡುವ ಬ್ರಯರ್ ಸೇರಿತ್ತು. ಈ ಆತಂಕವನ್ನು ತಳ್ಳಿಹಾಕುವುದು ಸರಿಯಲ್ಲ. ನಾನು ಕೇಳುತ್ತಿರುವುದು ಮರೆಯ ಜಾಲವನ್ನಲ್ಲ. 2005ರಿಂದಲೇ ಪರವಾನಗಿ ಬೇಡದ 865–867 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ನಿಗದಿತ ಶಕ್ತಿಯ ಮಿತಿಯೊಳಗೆ, ಜಿಲ್ಲಾಡಳಿತಕ್ಕೆ ತಿಳಿಸಿ, ಪಂಚಾಯಿತಿಯ ಹೆಸರಿನಲ್ಲೇ ನಡೆಯುವ ಬಹಿರಂಗ ಪ್ರಯೋಗವನ್ನು.

ಆಪತ್ತಿಗೆಂದು ಇಟ್ಟದ್ದು ಆಪತ್ತಿನ ದಿನವೇ ಕೆಟ್ಟಿರುತ್ತದೆ ಎನ್ನುವವರ ಮಾತಿಗೆ ಮಾತ್ರ ನಾನು ಪೂರ್ತಿ ತಲೆಬಾಗುತ್ತೇನೆ. ಹಾಗಾಗಿ ಈ ಜಾಲಕ್ಕೆ ದಿನದ ಕೆಲಸ ಬೇಕು, ಅದಕ್ಕೆ ಮಳೆಯ ಲೆಕ್ಕ ಮುಟ್ಟಿಸುವುದೇ ಇದೆ. ಕಾಫಿ ತೋಟದವರು ಇಂದಿಗೂ ಇಂಚು, ಸೆಂಟ್‌ಗಳಲ್ಲಿ ಮಳೆಯ ಲೆಕ್ಕ ಬರೆದಿಡುತ್ತಾರೆ. ರಾಜ್ಯದ ವಿಪತ್ತು ನಿರ್ವಹಣಾ ಕೇಂದ್ರ ಪಂಚಾಯಿತಿಗಳಲ್ಲಿ ನಿಲ್ಲಿಸಿದ ಮಳೆಮಾಪಕಗಳು ಒಳ್ಳೆಯ ಕೆಲಸ ಮಾಡುತ್ತಿವೆ. ಆದರೆ ಅವು ಲೆಕ್ಕ ಕಳಿಸುವುದೂ ಮೊಬೈಲ್ ನೆಟ್‌ವರ್ಕಿನ ಮೂಲಕವೇ. ಮಳೆ ಅತಿಯಾದ ರಾತ್ರಿ ಟವರ್ ಹೋದರೆ ಮಾಪಕವೂ ಮೌನ.

ಅಧ್ಯಾಪಕರೇ, ಈ ವರ್ಷದ ಪ್ರಾಜೆಕ್ಟುಗಳಲ್ಲಿ ಒಂದನ್ನಾದರೂ ಮಡಿಕೇರಿ, ಮೂಡಿಗೆರೆ, ಅಂಕೋಲಾ ಕಡೆಗೆ ಕಳಿಸಿ. ಪಂಚಾಯಿತಿಯವರೇ, ಅವರಿಗೆ ಒಂದು ತಾರಸಿ ಕೊಡಿ. ತೋಟದವರೇ, ಲೈನ್‌ಮನೆಯ ಒಂದು ಮೂಲೆ ಕೊಡಿ. ಮುಂಗಾರಿಗೆ ಮುಂಚೆ ನಾಲ್ಕು ರೇಡಿಯೊ ಪೆಟ್ಟಿಗೆ ಸಾಕು: ಒಂದು ಶಾಲೆಯ ಮೇಲೆ, ಒಂದು ಪಂಚಾಯಿತಿ ಕಚೇರಿಯಲ್ಲಿ, ಒಂದು ತೋಟದಲ್ಲಿ, ಒಂದು ಆ ದಾರಿಯ ಬಸ್ಸಿನಲ್ಲಿ. ಮಳೆಗಾಲ ಮುಗಿಯುವ ತನಕ ಎಷ್ಟು ಸಂದೇಶ ತಲುಪಿದವು, ಎಷ್ಟು ತಡವಾದವು ಎಂದು ಬರೆದಿಡಿ. ತಲುಪದೆ ಹೋದವುಗಳ ಲೆಕ್ಕವನ್ನೂ ಕನ್ನಡದಲ್ಲಿ, ಊರವರ ಕೈಗೆ ಸಿಗುವಂತೆ ಪ್ರಕಟಿಸಿ.